ವಾಷಿಂಗ್ಟನ್ ಸೆನೆಟ್‌ಗೆ ಸಲಹೆ ಕೇಳಲು ಹೋದದ್ದು

ಅಮೆರಿಕದ ಅಧ್ಯಕ್ಷರು ಟಿವಿಯಲ್ಲಿ ಯುದ್ಧ, ಒಪ್ಪಂದ ಅಂತ ಒಬ್ಬರೇ ಘೋಷಿಸುವುದನ್ನು ಕಂಡಾಗ 1789ರ ಆಗಸ್ಟ್ 22 ನೆನಪಾಗುತ್ತದೆ.

ಒಪ್ಪಂದಕ್ಕೆ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸಲಹೆ, ಒಪ್ಪಿಗೆ ಎರಡೂ ಬೇಕು ಅನ್ನುತ್ತದೆ ಅವರ ಸಂವಿಧಾನ. ಜಾರ್ಜ್ ವಾಷಿಂಗ್ಟನ್ ಅದನ್ನು ಅಕ್ಷರಶಃ ಪಾಲಿಸಲು ಹೊರಟರು. ನ್ಯೂಯಾರ್ಕಿನಲ್ಲಿದ್ದ ಸೆನೆಟ್‌ಗೆ ಖುದ್ದಾಗಿ ಹೋದರು. ದಕ್ಷಿಣದ ಮೂಲನಿವಾಸಿ ಬುಡಕಟ್ಟುಗಳ ಜೊತೆಗಿನ ಒಪ್ಪಂದದ ವಿಷಯ. ಸಭೆ ನಡೆಸುತ್ತಿದ್ದ ಉಪಾಧ್ಯಕ್ಷ ಜಾನ್ ಆಡಮ್ಸ್ ಕಾಗದ ಓದತೊಡಗಿದರು. ಹೊರಗೆ ಗಾಡಿಗಳ ಗಡಗಡ, ಒಂದು ವಾಕ್ಯವೂ ಸರಿಯಾಗಿ ಕೇಳಿಸಲಿಲ್ಲ. ಕಿಟಕಿ ಮುಚ್ಚಿಸಿದರು. ಕೊನೆಗೆ ಸದಸ್ಯರು, ಸಮಿತಿಗೆ ಕೊಡೋಣ ಅಂದರು. ವಾಷಿಂಗ್ಟನ್‌ಗೆ ಸಿಟ್ಟು ನೆತ್ತಿಗೇರಿತು. ನಾನು ಬಂದ ಉದ್ದೇಶವೇ ಕೆಟ್ಟಿತು ಅಂದರಂತೆ. ಸೆನೆಟರ್ ವಿಲಿಯಂ ಮೆಕ್ಲೇ ಇದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಅಧ್ಯಕ್ಷರ ಎದುರಲ್ಲಿ ಸರಿಯಾಗಿ ವಿಚಾರಿಸಲಾಗದು ಅನ್ನುವುದು ಅವರ ವಾದ. ನಾನಂತೂ ಮೆಕ್ಲೇ ಪಕ್ಷ. ಅಧ್ಯಕ್ಷರು ಎದುರಿಗೇ ಕೂತಿದ್ದರೆ ಬೇಡ ಅನ್ನುವುದು ಸುಲಭವಾ?

ಸೋಮವಾರ ಮತ್ತೆ ಬಂದು ಕೆಲಸ ಮುಗಿಸಿದರು. ಹೀಗೆ ಸಲಹೆ ಕೇಳಲು ಆಮೇಲೆ ಹೋಗಲಿಲ್ಲ. ಮೊದಲು ಮಾತುಕತೆ ಮುಗಿಸಿ, ನಂತರ ಒಪ್ಪಿಗೆ ಕೇಳುವುದೇ ರೂಢಿಯಾಯಿತು. ಅದಕ್ಕೂ ಮೂರನೇ ಎರಡರಷ್ಟು ಮತ ಬೇಕು. ಮೊದಲ ಮಹಾಯುದ್ಧದ ನಂತರ ಅಧ್ಯಕ್ಷ ವಿಲ್ಸನ್ ತಂದ ವರ್ಸೇಲ್ಸ್ ಶಾಂತಿ ಒಪ್ಪಂದ ಅಲ್ಲೇ ಬಿದ್ದುಹೋಯಿತು. ಈಗ ಒಳದಾರಿಯಿದೆ: ಒಪ್ಪಂದ ಅನ್ನದಿದ್ದರಾಯಿತು, ಸೆನೆಟ್ ಮತವೇ ಬೇಡ. 2015ರ ಇರಾನ್ ಅಣು ಕರಾರು ಹಾಗೇ ಆಯಿತು. 2018ರಲ್ಲಿ ಟ್ರಂಪ್ ಅಷ್ಟೇ ಸಲೀಸಾಗಿ ಹೊರಬಂದರು.

ಯುದ್ಧದ ಕಥೆ ಇನ್ನೂ ಮಜಾ. ಘೋಷಿಸುವ ಅಧಿಕಾರ ಕಾಂಗ್ರೆಸ್ಸಿನದು, ಅಂದರೆ ಅವರ ಸಂಸತ್ತಿನದು, ಆದರೆ ಕೊನೆಯ ಘೋಷಣೆ 1942ರದ್ದು. ಕೊರಿಯಾ, ವಿಯೆಟ್ನಾಂ ಎರಡಕ್ಕೂ ಘೋಷಣೆಯೇ ಇಲ್ಲ! ಅಧ್ಯಕ್ಷ ನಿಕ್ಸನ್ ವೀಟೋ ಹಾಕಿ ತಡೆದರೂ ಅದನ್ನು ಮೀರಿ ಕಾಂಗ್ರೆಸ್ 1973ರಲ್ಲಿ ಕಾನೂನು ತಂದಿತು. ಅಧ್ಯಕ್ಷರು ಸೇನೆ ಕಳಿಸಿದರೆ 48 ಗಂಟೆಯೊಳಗೆ ಕಾಂಗ್ರೆಸ್ಸಿಗೆ ತಿಳಿಸಬೇಕು. ಪತ್ರವೇನೋ ಹೋಗುತ್ತದೆ, ವಿಮಾನಗಳು ಹಾರಿದ ಮೇಲೆ.