ಎಂಟು ಗುಂಡಿ ಅಗಲದ ಫಿಯಾಟ್

ಜನವರಿಯ ಒಂದು ಭಾನುವಾರ ಬೆಳಿಗ್ಗೆ ನಾನು ಡೊಂಬಿವಲಿ ಸ್ಟೇಷನ್ನಿನಲ್ಲಿ ಒಂದು ಸ್ಟೀಲ್ ಡಬ್ಬಿಯನ್ನು ಎದೆಗವಚಿಕೊಂಡು ನಿಂತಿದ್ದೆ. ಹಬ್ಬಕ್ಕೆ ಚಕ್ಕುಲಿ ತುಂಬಿಡುವ ಆ ಡಬ್ಬಿಯಲ್ಲಿ ಅಂದು ಹಳೆಯ ಬನಿಯನ್ನಿನಲ್ಲಿ ಸುತ್ತಿದ ಒಂದು ಟ್ಯಾಕ್ಸಿ ಇತ್ತು. ಕಪ್ಪು ಮೈ, ಹಳದಿ ತಲೆ, ಗೇಣಿಗಿಂತ ತುಸು ಕಡಿಮೆ ಉದ್ದದ ಅದನ್ನು ನಾನು ಮೂರು ತಿಂಗಳು ಕುಳಿತು ಲೆಗೊ ಎಂಬ ಪ್ಲಾಸ್ಟಿಕ್ ಆಟಿಕೆ ಇಟ್ಟಿಗೆಗಳಿಂದ ಕಟ್ಟಿದ್ದೆ. ಮಾಟುಂಗದಲ್ಲಿರುವ ನನ್ನ ಸೋದರಮಾವನಿಗೆ ತೋರಿಸುವುದಕ್ಕೆಂದು ಹೊರಟಿದ್ದೆ. ಮಾವ 1983ರಲ್ಲಿ ಸಾಲ ಮಾಡಿ ಒಂದು ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಕೊಂಡವರು. ಟ್ಯಾಕ್ಸಿಗಳಿಗೆ 25 ವರ್ಷಗಳ ವಯೋಮಿತಿ ಬಂದ 2008ರಲ್ಲಿ ಅದೇ ಗಾಡಿಯನ್ನು ಗುಜರಿಗೆ ಕೊಟ್ಟು, ಆಮೇಲೆ ಬೇರೆ ಯಾವ ಗಾಡಿಯ ಸ್ಟಿಯರಿಂಗನ್ನೂ ಮುಟ್ಟದೆ ಕುಳಿತವರು.

ಈ ಕೆಲಸಕ್ಕೆ ನಾನು ಕೈ ಹಾಕಿದ್ದು 2023ರ ಅಕ್ಟೋಬರ್ ಕೊನೆಯಲ್ಲಿ. ಅಷ್ಟರಲ್ಲಿ ಮುಂಬಯಿಯ ಟ್ಯಾಕ್ಸಿಗಳ ವಯೋಮಿತಿ 20 ವರ್ಷಕ್ಕೆ ಇಳಿದಿತ್ತು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವದ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಹಾಗಾಗಿ 2023ರ ಅಕ್ಟೋಬರ್ 30ರಿಂದ ಆ ಗಾಡಿ ಈ ಊರಿನ ಟ್ಯಾಕ್ಸಿ ಸ್ಟ್ಯಾಂಡುಗಳಿಂದ ಲೆಕ್ಕಪ್ರಕಾರವಾಗಿಯೇ ಮರೆಯಾಯಿತು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ, ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗ ಮಂಚದ ಕೆಳಗೆ ಬಿಟ್ಟುಹೋಗಿದ್ದ ಇಟ್ಟಿಗೆಗಳ ಡಬ್ಬವನ್ನು ಎಳೆದು ತೆಗೆದೆ. ಕುರ್ಲಾದ ಕಾರ್ಖಾನೆಯಲ್ಲಿ ಇದೇ ಕಾರು 1964ರಿಂದ ಫಿಯಾಟ್ 1100 ಎಂಬ ಹೆಸರಿನಲ್ಲಿ ತಯಾರಾಗುತ್ತಿತ್ತು. ಪದ್ಮಿನಿ ಎಂಬ ಹೆಸರು ಬಂದದ್ದು ಎಪ್ಪತ್ತರ ದಶಕದಲ್ಲಿ. ಮಾವನ ಬಾಯಲ್ಲಿ ಅದು ಇಂದಿಗೂ ಫಿಯಾಟೇ.

ಪೆಟ್ಟಿಗೆಯಲ್ಲಿ ಬರುವ ಸೂಚನಾಪುಸ್ತಕವನ್ನು ನೋಡಿ ಕಟ್ಟುವುದಕ್ಕೂ ಸ್ವಂತ ಬುದ್ಧಿಯಿಂದ ಕಟ್ಟುವುದಕ್ಕೂ ಬಹಳ ವ್ಯತ್ಯಾಸವಿದೆ. ಸ್ವಂತವಾಗಿ ಕಟ್ಟಿದ್ದನ್ನು ಈ ಹುಚ್ಚಿನವರು ಎಂಒಸಿ ಎನ್ನುತ್ತಾರೆ, ಅಂದರೆ ‘ನನ್ನದೇ ರಚನೆ’. ಅಭಿಮಾನಿಗಳ ರಚನೆಗೆ 10,000 ಜನರ ಬೆಂಬಲ ಸಿಕ್ಕರೆ ಲೆಗೊ ಕಂಪನಿಯೇ ಅದನ್ನು ಪರಿಶೀಲಿಸಿ, ಒಪ್ಪಿಗೆಯಾದರೆ ಪೆಟ್ಟಿಗೆಯಾಗಿ ಮಾರುವ ಪದ್ಧತಿಯೂ ಇದೆ. ಕಾರ್ಲ್ ಗ್ರೇಟ್ರಿಕ್ಸ್ ಎಂಬ ಅಭಿಮಾನಿ ವಿನ್ಯಾಸ ಮಾಡಿದ ಕ್ಯಾಟರ್‌ಹ್ಯಾಮ್ ಸೆವೆನ್ ಕಾರು 2016ರಲ್ಲಿ ಹಾಗೆ 771 ತುಂಡುಗಳ ಪೆಟ್ಟಿಗೆಯಾಗಿ ಹೊರಬಂದಿತು. ನನಗೆ ಅಂಥ ಆಸೆಯೇನೂ ಇರಲಿಲ್ಲ. ನನಗೆ ಬೇಕಾದದ್ದು ಒಬ್ಬನೇ ಬೆಂಬಲಿಗ, ಅವನೂ ಮಾಟುಂಗದಲ್ಲೇ ಇದ್ದ.

ಕೆಲಸ ಆರಂಭಿಸಿದ ಮೇಲೆ ಮೊದಲು ಕೈಗೆ ಬಂದದ್ದು ಇಟ್ಟಿಗೆಯಲ್ಲ, ಕ್ಯಾಲ್ಕುಲೇಟರ್. ಇಟ್ಟಿಗೆಯ ತಲೆಯ ಮೇಲಿನ ಉಬ್ಬುಗುಂಡಿಗೆ ಸ್ಟಡ್ ಎಂದು ಹೆಸರು, ಒಂದು ಗುಂಡಿಯ ನಡುವಿನಿಂದ ಪಕ್ಕದ ಗುಂಡಿಯ ನಡುವಿಗೆ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ತೆಳುವಾದ ಪ್ಲೇಟಿನ ಎತ್ತರ 3.2, ಆದ್ದರಿಂದ ಮೂರು ಪ್ಲೇಟು ಸೇರಿದರೆ ಒಂದು ಇಟ್ಟಿಗೆ. ಐದು ಪ್ಲೇಟುಗಳನ್ನು ಒಂದರ ಮೇಲೊಂದು ಕೂರಿಸಿದರೆ 16 ಮಿಲಿಮೀಟರ್, ಅಂದರೆ ಸರಿಯಾಗಿ ಎರಡು ಗುಂಡಿಗಳ ಅಗಲ. ಸ್ವಂತವಾಗಿ ಕಟ್ಟುವವರ ಅರ್ಧ ವಿದ್ಯೆ ಈ ಒಂದು ಸಮೀಕರಣದಲ್ಲೇ ಇದೆ. ಇದು ಹೊಂದುವುದರಿಂದಲೇ ತುಂಡುಗಳನ್ನು ಅಡ್ಡ ಮಲಗಿಸಿ, ಗುಂಡಿಗಳು ಆಕಾಶ ನೋಡುವ ಬದಲು ರಸ್ತೆ ನೋಡುವಂತೆ ಜೋಡಿಸಿದರೂ ಸಂದಿಯಿಲ್ಲದೆ ಕೂಡಿಕೊಳ್ಳುತ್ತವೆ. ನನ್ನ ಪದ್ಮಿನಿಯ ಇಡೀ ಮುಂಭಾಗ, ಗ್ರಿಲ್ಲು ಮತ್ತು ಎರಡು ದುಂಡು ದೀಪಗಳ ಸಮೇತ, ಹಾಗೆ ಅಡ್ಡ ಮಲಗಿದ ಕೆಲಸ.

ಅಗಲ ಎಷ್ಟಿರಬೇಕೆಂಬುದು ಎರಡನೆಯ ಪ್ರಶ್ನೆ. ಕಂಪನಿಯ ಸ್ಪೀಡ್ ಚಾಂಪಿಯನ್ಸ್ ಎಂಬ ಸರಣಿಯ ಆಟಿಕೆ ಕಾರುಗಳು 2015ರಲ್ಲಿ ಶುರುವಾದಾಗ ಆರು ಗುಂಡಿ ಅಗಲವಿದ್ದವು, 2020ರಿಂದ ಎಂಟು ಗುಂಡಿಗೆ ಏರಿದವು. ನಾನೂ ಎಂಟನ್ನೇ ಹಿಡಿದೆ. ಪದ್ಮಿನಿಯ ಅಗಲ ಸುಮಾರು 1,460 ಮಿಲಿಮೀಟರ್, ಎಂಟು ಗುಂಡಿಯೆಂದರೆ 64, ಹಾಗಾಗಿ ಮಾದರಿಯು ನಿಜದ ಗಾಡಿಯ ಇಪ್ಪತ್ತಮೂರನೆಯ ಒಂದು ಪಾಲು. ಅದೇ ಲೆಕ್ಕದಲ್ಲಿ ಸುಮಾರು 3,930 ಮಿಲಿಮೀಟರ್ ಉದ್ದ ಭಾಗಿಸಿದರೆ ಇಪ್ಪತ್ತೊಂದೂವರೆ ಗುಂಡಿ. ಆ ಅರ್ಧ ಗುಂಡಿ ನನ್ನನ್ನು ದೀಪಾವಳಿಯವರೆಗೂ ಕಾಡಿತು. ಇಪ್ಪತ್ತೊಂದಕ್ಕೆ ನಿಲ್ಲಿಸಿದರೆ ಬಾನೆಟ್ಟು ಮೂಗು ಕೊಯ್ದಂತೆ ಕಾಣುತ್ತಿತ್ತು, ಇಪ್ಪತ್ತೆರಡು ಮಾಡಿದರೆ ಯಾವುದೋ ಅಮೆರಿಕದ ಗಾಡಿಯ ಠೀವಿ ಬರುತ್ತಿತ್ತು. ಕೊನೆಗೆ ಎರಡು ಗುಂಡಿಯ ಜಾಗದಲ್ಲಿ ನಡುವೆ ಒಂದೇ ಗುಂಡಿ ಇರುವ ಜಂಪರ್ ಎಂಬ ಪ್ಲೇಟು ನೆನಪಾಯಿತು. ಅದರ ಮೇಲೆ ಕೂತದ್ದೆಲ್ಲ ಅರ್ಧ ಗುಂಡಿ ಸರಿದು ಕೂರುತ್ತದೆ. ಗ್ರಿಲ್ಲನ್ನು ಅದರ ಮೇಲೆ ಕೂರಿಸಿದ ರಾತ್ರಿ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಅವಳು ನೋಡಿ, ಗಂಟೆ ಎಷ್ಟೆಂದು ಕೇಳಿ, ಮಗ್ಗುಲಾದಳು.

ಸಾಮಾನು ಹೊಂದಿಸುವ ಕಷ್ಟವನ್ನು ಹೆಚ್ಚು ಬೆಳೆಸುವುದಿಲ್ಲ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದ ಮೇಲೆ ಬಿಡಿ ತುಂಡುಗಳನ್ನು ಚಿನ್ನದ ಹಾಗೆ ಎಣಿಸಿ ಕೊಳ್ಳಬೇಕಾಗುತ್ತದೆ. ಒಂದು ಅಂಗಡಿಯವರು ಕಪ್ಪು ಬಾಗುತುಂಡುಗಳ ಬದಲು ಕಡುಬೂದು ಕಳಿಸಿದ್ದರು. ಟ್ಯೂಬ್‌ಲೈಟಿನ ಕೆಳಗೆ ಅದು ತಿಳಿಯದೆ, ಒಂದು ಮಡ್‌ಗಾರ್ಡನ್ನು ಪೂರ್ತಿ ಕಟ್ಟಿ ಬೆಳಿಗ್ಗೆ ಬಿಸಿಲಿನಲ್ಲಿ ಬಿಚ್ಚಿದೆ. ಬಣ್ಣ ಬಳಿದು ಮುಗಿಸಬಹುದಿತ್ತಲ್ಲ ಎನ್ನಬಹುದು. ಈ ಲೋಕದಲ್ಲೂ ಮಡಿವಂತರಿದ್ದಾರೆ, ನಾನೂ ಅವರಲ್ಲೊಬ್ಬ. ತುಂಡನ್ನು ಕತ್ತರಿಸಬಾರದು, ಅಂಟು ಹಚ್ಚಬಾರದು, ಬಣ್ಣ ಬಳಿಯಬಾರದು, ಹೊರಗಿನ ವಸ್ತು ಯಾವುದೂ ಸೇರಬಾರದು.

ಆ ಮಡಿಯಲ್ಲೇ ಹುಟ್ಟಿದ್ದು ನನ್ನ ಮೀಟರ್. ಎಲೆಕ್ಟ್ರಾನಿಕ್ ಮೀಟರು ಬರುವ ಮೊದಲು ಮುಂಬಯಿ ಟ್ಯಾಕ್ಸಿಯ ಮೀಟರು ಗಾಡಿಯ ಹೊರಗೆ, ಮುಂದಿನ ಎಡಬದಿಯಲ್ಲಿರುತ್ತಿತ್ತು. ಸವಾರಿ ಹತ್ತಿದೊಡನೆ ಡ್ರೈವರು ಎಡಕ್ಕೆ ಬಾಗಿ, ಕಿಟಕಿಯಾಚೆ ಕೈಚಾಚಿ ಅದರ ಬಾವುಟವನ್ನು ಕೆಳಗೆ ತಿರುಗಿಸಿ ಬಾಡಿಗೆಯ ಲೆಕ್ಕ ಶುರುಮಾಡುತ್ತಿದ್ದ, ಅದೇ ಮೀಟರ್ ಡೌನ್. ಲೆಗೊದಲ್ಲಿ ಬಚ್ಚಲುಮನೆಗಳಿಗೆಂದು ಮಾಡಿದ ಒಂದು ಪುಟ್ಟ ನಲ್ಲಿಯ ತುಂಡಿದೆ. ಅದನ್ನು ಕಪ್ಪು ಇಟ್ಟಿಗೆಯೊಂದಕ್ಕೆ ಸಿಕ್ಕಿಸಿದರೆ ಬಾವುಟವೇ, ಬೆರಳ ತುದಿಯಿಂದ ತಿರುಗಿಸಲೂ ಬರುತ್ತದೆ. ಊರಿನಿಂದ ಬಸ್ಸಿನಲ್ಲಿ ಬಂದಿಳಿದ ನಮ್ಮನ್ನು ಮಾವ ಮನೆಗೆ ಕರೆದೊಯ್ಯುವಾಗ ಆ ಮೀಟರಿಗೆ ಬಟ್ಟೆಯ ಟೋಪಿ ಹಾಕಿರುತ್ತಿದ್ದರು. ಸಂಬಂಧಿಕರಿಗೆ ಮೀಟರ್ ಡೌನ್ ಇಲ್ಲ. ಕ್ಯಾರಿಯರಿನ ಮೇಲೆ ಅಕ್ಕಿ ಚೀಲ, ತೆಂಗಿನಕಾಯಿ, ಅಮ್ಮನ ಟ್ರಂಕು. ಇಡೀ ಮಾದರಿಯಲ್ಲಿ ನನಗೆ ಹೆಮ್ಮೆಯೆನಿಸಿದ ಭಾಗವೆಂದರೆ ಆ ನಲ್ಲಿಯೇ.

ಅಂದು ಮೆಗಾಬ್ಲಾಕ್, ಅಂದರೆ ಹಳಿಗಳ ದುರಸ್ತಿಗೆಂದು ರೈಲುಗಳನ್ನು ಕಡಿತ ಮಾಡುವ ಭಾನುವಾರ. ರೈಲು ಕಡಿಮೆ, ಜನ ಜಾಸ್ತಿ. ಡಬ್ಬಿಯನ್ನು ತಲೆಯ ಮೇಲೆತ್ತಿ ಒಳಗೆ ನುಗ್ಗಿದೆ. ಠಾಣೆಯಲ್ಲಿ ಒಂದು ಅಲೆ, ಘಾಟ್ಕೋಪರಿನಲ್ಲಿ ಇನ್ನೊಂದು. ಕುರ್ಲಾ ದಾಟುವಾಗ ಒಳಗಿನಿಂದ ಟಕ್ ಎಂಬ ಸದ್ದು ಕೇಳಿತು. ಮುಚ್ಚಳ ತೆರೆದು ನೋಡಿದೆನಲ್ಲ, ಅದೇ ತಪ್ಪು. ಬಾನೆಟ್ಟು ಕಳಚಿ ಬನಿಯನ್ನಿನ ಮೇಲೆ ಬಿದ್ದಿತ್ತು. ಅದನ್ನು ಸರಿಪಡಿಸಲು ಹೋದಾಗ ಯಾರದೋ ಮೊಣಕೈ ತಗುಲಿ ನಾಲ್ಕಾರು ತುಂಡುಗಳು ಕೆಳಕ್ಕುದುರಿದವು. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ಜನರ ಕಾಲುಗಳ ನಡುವೆ ಬಗ್ಗಿ ಐದು ತುಂಡು ಹೆಕ್ಕಿಕೊಟ್ಟಳು. ಮಾಟುಂಗದ ಬೆಂಚಿನಲ್ಲಿ ಕುಳಿತು ಎಣಿಸಿದಾಗ ಎಲ್ಲವೂ ಇದ್ದವು, ನಲ್ಲಿಯೊಂದನ್ನು ಬಿಟ್ಟು.

ಹೂವಿನ ಅಂಗಡಿಗಳನ್ನು ದಾಟಿ ಮಾವನ ಮನೆ ಸೇರಿದಾಗ ಹತ್ತೂವರೆ. ಮೇಜಿನ ಮೇಲೆ ಟ್ಯಾಕ್ಸಿಯನ್ನಿಟ್ಟು ಬಾನೆಟ್ಟು ಕೂರಿಸಿದೆ. ಮಾವ ಕನ್ನಡಕ ಹಾಕಿಕೊಂಡರು, ತೆಗೆದು ಪಂಚೆಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಮೆಚ್ಚುಗೆಯ ಮಾತಿಗೆ ನಾನು ಕಾಯುತ್ತಿದ್ದೆ.

‘ಗೇರ್ ಎಲ್ಲಿ ಉಂಟು?’ ಎಂದರು.

ಎರಡು ಸೀಟುಗಳ ನಡುವೆ ನೆಟ್ಟಗೆ ನಿಲ್ಲಿಸಿದ್ದ ಕಡ್ಡಿಯನ್ನು ತೋರಿಸಿದೆ. ಮಾವ ನನ್ನನ್ನು ನೋಡಿದ ನೋಟದಲ್ಲಿ ಮರುಕವಿತ್ತು. ‘ಅದು ಈಗಿನ ಗಾಡಿಗೆ ಮಾರಾಯ. ಫಿಯಾಟಿಗೆ ಗೇರು ಸ್ಟಿಯರಿಂಗಿನ ಬುಡದಲ್ಲಿ. ಮುಂದೆ ಒಂದೇ ಉದ್ದ ಸೀಟು.’ ಆ ಸೀಟಿನ ಮೇಲೆ ಎಷ್ಟೋ ಸಲ ಕುಳಿತವನು ನಾನು. ಮಾವನ ಎಡಗೈ ಸ್ಟಿಯರಿಂಗಿನ ಪಕ್ಕ ಮೇಲಕ್ಕೂ ಕೆಳಕ್ಕೂ ಆಡುವುದನ್ನು ಕಂಡವನು. ಆದರೂ ಕಟ್ಟುವಾಗ ಕೈ ತಾನಾಗಿ ಈಗಿನ ಕಾರನ್ನೇ ಕಟ್ಟಿತ್ತು. ಕಡ್ಡಿಯನ್ನು ಕಿತ್ತು ಸ್ಟಿಯರಿಂಗಿನ ಬುಡಕ್ಕೆ ಅಡ್ಡ ಸಿಕ್ಕಿಸಿದೆ.

ಅನಂತರ ಅವರು ಮೇಜಿನ ಮಟ್ಟಕ್ಕೆ ತಲೆ ಬಾಗಿಸಿ ಗಾಡಿಯನ್ನು ಪಕ್ಕದಿಂದ ಬಹಳ ಹೊತ್ತು ನೋಡಿದರು. ‘ಎಲ್ಲ ಸರಿ. ಹಿಂದೆ ಇಷ್ಟು ಎತ್ತರ ಯಾಕೆ? ಇದು ಶೋರೂಮಿನ ಗಾಡಿ, ಟ್ಯಾಕ್ಸಿ ಅಲ್ಲ.’ ಸಿಎನ್‌ಜಿ ಬಂದ ಮೇಲೆ ಸಿಲಿಂಡರು ಡಿಕ್ಕಿಯೊಳಗೆ ಸೇರಿಕೊಂಡಿತು. ಸಾಮಾನೆಲ್ಲ ಕ್ಯಾರಿಯರಿಗೆ ಏರಿತು, ಹಿಂದಿನ ಸೀಟಿನಲ್ಲಿ ಮೂರು ಜನ. ಹಳೆಯ ಪಟ್ಟಾಗಳು, ಅಂದರೆ ಸ್ಪ್ರಿಂಗಿನ ಪಟ್ಟಿಗಳು, ಆ ಭಾರಕ್ಕೆ ಸೋತು, ಗಾಡಿ ನಿಂತಾಗಲೂ ಹಿಂಭಾಗ ಕುಳಿತೇ ಇರುತ್ತಿತ್ತು. ನಾನು ನೂರಾರು ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದ್ದೆ, ಹಿಂದಿನ ರೆಕ್ಕೆಗಳ ಅಂಚಿನ ಬಾಗನ್ನು ಮೂರು ಸಲ ಬಿಚ್ಚಿ ಕಟ್ಟಿದ್ದೆ. ಆದರೆ ಆ ಚಿತ್ರಗಳಲ್ಲಿ ಹೆಚ್ಚಿನವು ಮನೆಯಲ್ಲಿ ಮುದ್ದಿನಿಂದ ಉಳಿಸಿಕೊಂಡ, ಸವಾರಿ ಹೊರದ ಕಾರುಗಳವು.

ಚಕ್ರದ ತುಂಡಿಗೂ ಮೈಗೂ ನಡುವೆ ಒಂದು ಪ್ಲೇಟಿತ್ತು. ಅದನ್ನು ಅಲ್ಲೇ ತೆಗೆದುಹಾಕಿದೆ. ಹಿಂಭಾಗ 3.2 ಮಿಲಿಮೀಟರ್ ಇಳಿಯಿತು. ಇಪ್ಪತ್ತಮೂರರಿಂದ ಗುಣಿಸಿದರೆ ನಿಜದ ಗಾಡಿಯಲ್ಲಿ ಹೆಚ್ಚುಕಡಿಮೆ ಮೂರು ಇಂಚು ಎಂದೆ. ಒಂದೂವರೆ ಇಂಚು ಸಾಕಿತ್ತು ಎಂದರು ಮಾವ. ಅರ್ಧ ಪ್ಲೇಟಿನ ದಪ್ಪ ಬೇಕಾದರೆ ಬ್ರಾಕೆಟ್ ಎಂಬ ತುಂಡಿನ ಗೋಡೆ 1.6 ಮಿಲಿಮೀಟರ್ ಇರುತ್ತದೆ, ಅದರಿಂದ ಉಪಾಯ ಮಾಡಬಹುದು, ಈಗ ನನ್ನ ಬಳಿ ಇಲ್ಲ ಎಂದು ವಿವರಿಸಿದೆ. ಅಷ್ಟರಲ್ಲಿ ಅವರು ಗಾಡಿಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿಯಾಗಿತ್ತು. ಹಿಂದಿನ ಟೈರು ಮಡ್‌ಗಾರ್ಡಿಗೆ ಉಜ್ಜಿ ಕಿರ್ ಎಂದಿತು. ‘ದಾದರ್ ಸ್ಟೇಷನ್ನಿಂದ ಮದುವೆ ಪಾರ್ಟಿ ಹತ್ತಿದ ಹಾಗೆ ಉಂಟು. ಇರಲಿ ಬಿಡು,’ ಎಂದು ಮಾವ ಇನ್ನೊಮ್ಮೆ ತಳ್ಳಿದರು.

ಇಂಥದ್ದರಲ್ಲಿ ನಿಜವಾಗಿ ಓಡುವ ಕಾರು ಮಾಡಿದವರಿಲ್ಲವೇ ಎಂದು ಕಾಫಿ ಕುಡಿಯುತ್ತ ಕೇಳಿದರು. ರೊಮೇನಿಯಾದ ರಾವುಲ್ ಒಯ್ಡಾ ಮತ್ತು ಆಸ್ಟ್ರೇಲಿಯಾದ ಸ್ಟೀವ್ ಸಮ್ಮಾರ್ಟಿನೊ ಸೇರಿ 2013ರಲ್ಲಿ ಸುಮಾರು 5 ಲಕ್ಷ ತುಂಡುಗಳಿಂದ ಮನುಷ್ಯರು ಕೂರಬಹುದಾದ ಕಾರು ಕಟ್ಟಿ ಮೆಲ್ಬರ್ನಿನ ಬೀದಿಯಲ್ಲಿ ಓಡಿಸಿದ್ದನ್ನು ಹೇಳಿದೆ. ಚಕ್ರ ಮತ್ತು ಭಾರ ಹೊರುವ ಭಾಗಗಳನ್ನು ಬಿಟ್ಟು ಎಲ್ಲವೂ ಇಟ್ಟಿಗೆ. ಇಂಜಿನ್ನೂ ಅದರದ್ದೇ, 256 ಪಿಸ್ಟನ್‌ಗಳು, ಒತ್ತಿ ತುಂಬಿದ ಗಾಳಿಯಿಂದ ಚಲನೆ. ಮಾವ ಗಂಭೀರವಾಗಿ ಕೇಳಿಸಿಕೊಂಡು, ‘ಗಾಳಿಯಲ್ಲಿ ಓಡಿತು, ಒಪ್ಪಿದೆ. ಜುಲೈಯಲ್ಲಿ ಹಿಂದ್‌ಮಾತಾದ ನೀರಿನಲ್ಲಿ ಓಡ್ತದಾ ಕೇಳು,’ ಎಂದರು. ಮಳೆಗಾಲದಲ್ಲಿ ನೀರು ನಿಲ್ಲುವ ದಾದರಿನ ತಗ್ಗು ಅದು.

ಅಷ್ಟಾದ ಮೇಲೆ ಅವರ ಬೆರಳು ಮುಂದಿನ ಎಡಬದಿಯಲ್ಲಿ ಬರಿದಾಗಿದ್ದ ಕಪ್ಪು ಇಟ್ಟಿಗೆಯ ಮೇಲೆ ಬಂದು ನಿಂತಿತು. ಅದು ಮೀಟರೆಂದು ನಾನು ಹೇಳುವ ಅಗತ್ಯವಿರಲಿಲ್ಲ. ರೈಲಿನಲ್ಲಿ ಬಾವುಟ ಬಿದ್ದುಹೋದದ್ದನ್ನೂ, ಬೇರೆ ನಲ್ಲಿ ತರಿಸಲು ಎರಡು ವಾರವಾದರೂ ಬೇಕೆಂಬುದನ್ನೂ ಹೇಳಿದೆ. ಬಾವುಟವಿಲ್ಲದ ಮೀಟರಿನ ಗಾಡಿಯನ್ನು ಪೊಲೀಸ್ ಹಿಡಿಯುತ್ತಾನೆ ಎಂದು ಮಾವ ಅಡುಗೆಮನೆಯತ್ತ ತಿರುಗಿದರು. ಅತ್ತೆ ಮಸಾಲೆ ಡಬ್ಬದಿಂದ ಒಂದು ಲವಂಗ ತಂದುಕೊಟ್ಟರು. ಇಟ್ಟಿಗೆಯ ಪಕ್ಕದ ತೂತಿನಲ್ಲಿ ಅದರ ಕಡ್ಡಿ ಬಿಗಿಯಾಗಿ ಕೂತಿತು, ತಲೆ ಹೊರಗೆ ಚಾಚಿಕೊಂಡಿತು. ನನ್ನ ಮಡಿ ಅಲ್ಲಿಗೆ ಮುಗಿಯಿತು. ನೋಡಿದರೆ ನಲ್ಲಿಗಿಂತ ಲವಂಗವೇ ಮೀಟರಿನ ಬಾವುಟಕ್ಕೆ ಹತ್ತಿರವಾಗಿತ್ತು, ಇದನ್ನು ಒಪ್ಪಿಕೊಳ್ಳಲು ನನಗೆ ಇನ್ನೂ ಸ್ವಲ್ಪ ಕಷ್ಟವೇ.

ಗಾಡಿ ಮಾಟುಂಗದಲ್ಲೇ ಉಳಿಯಿತು. ಮೂರು ವಾರದ ನಂತರ ನಲ್ಲಿಯ ತುಂಡು ಬಂತು, ಬ್ರಾಕೆಟ್ಟುಗಳೂ ಬಂದವು. ಭಾನುವಾರ ಬಂದು ಹಾಕಿಕೊಡುತ್ತೇನೆಂದು ಮಾವನಿಗೆ ಫೋನ್ ಮಾಡಿದೆ. ಬ್ರಾಕೆಟ್ಟು ತಾ, ಟೈರು ಉಜ್ಜುತ್ತದೆ ಎಂದರು. ಮೀಟರಿನ ವಿಷಯ ಕೇಳಿದಾಗ, ಮೊದಲಿನ ಲವಂಗ ಒಣಗಿ ಸಡಿಲವಾಗಿ ಬಿದ್ದಿತೆಂದೂ, ಅತ್ತೆ ಡಬ್ಬದಿಂದ ದಪ್ಪನೆಯದೊಂದನ್ನು ಆರಿಸಿ ಸಿಕ್ಕಿಸಿದ್ದಾರೆಂದೂ, ಈಗ ಅದು ಡೌನ್ ಆಗಿದೆಯೆಂದೂ ತಿಳಿಸಿದರು.