ಟ್ಯಾಂಕರ್ ಲೆಕ್ಕ ಮೊದಲು, ಗಿಡದ ಲೆಕ್ಕ ಆಮೇಲೆ

ಓಣಿಯ ಪರಿಸರ ಗುಂಪುಗಳು ವರ್ಷ ತುಂಬಿದಾಗ ನೆಟ್ಟ ಸಸಿಗಳನ್ನು ಎಣಿಸುತ್ತವೆ. ಕಲಬುರಗಿಯಲ್ಲಿ ಎಣಿಸಬೇಕಾದ್ದು ನೀರನ್ನು. ಫೆಬ್ರವರಿಯಿಂದ ಮಿರಗದ (ಮೃಗಶಿರಾ, ಜೂನ್ ಆರಂಭದ) ಮಳೆ ಬೀಳುವ ತನಕ ಸುಮಾರು 18 ವಾರ. ಮೊದಲ ಬ್ಯಾಸಗಿ ದಾಟಲು ಒಂದು ಸಸಿಗೆ ವಾರಕ್ಕೆ 20 ಲೀಟರ್ ಹಿಡಿಯಿರಿ, ಅದನ್ನು ಹತ್ತರಂತೆ ಎರಡು ಸಲ ಹಾಕಬೇಕು. 100 ಸಸಿಗೆ 36,000 ಲೀಟರ್ ಆಯಿತು, ಅಂದರೆ 4,000 ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ 9. ಚೆಲ್ಲಿ ಹೋಗುವುದಕ್ಕೆ ಇನ್ನೊಂದು ಸೇರಿಸಿ. ಐದೇ ಟ್ಯಾಂಕರಿಗೆ ದುಡ್ಡಿದ್ದರೆ ಐವತ್ತೇ ಸಸಿ ನೆಡಿ. ಉಳಿದವು ನರ್ಸರಿಯಲ್ಲೇ ಇರಲಿ, ಅಲ್ಲಿ ನೀರಾದರೂ ಸಿಗುತ್ತದೆ.

ಎರಡನೇ ತಪ್ಪು ತಾರೀಖಿನದು. ಪರಿಸರ ದಿನವೆಂದು ಜೂನ್ 5ಕ್ಕೆ ನೆಟ್ಟರೆ ಫೋಟೊ ಚೆನ್ನಾಗಿ ಬರುತ್ತದೆ, ಆದರೆ ಆಗ ನಮ್ಮ ಕಡೆ ಮಳೆ ಕೂತಿರುವುದಿಲ್ಲ. ಒಂದು ಹದ ಮಳೆ ಬಿದ್ದು ಮುಂದೆ ಹದಿನೈದು ದಿನ ಬಿಸಿಲು ಕಾಯ್ದರೆ ಎಳೆ ಬೇರು ಒಣಗಿತು. ಪುನರ್ವಸು, ಪುಷ್ಯ ಮಳೆಯ ಹೊತ್ತು, ಅಂದರೆ ಜುಲೈ, ಇದಕ್ಕೆ ಸರಿ. ಸೆಪ್ಟೆಂಬರಿನ ಮಳೆ ಹೇಗೂ ಮುಂದಿರುತ್ತದೆ.

ತಗ್ಗು ಮಾತ್ರ ಮೊದಲೇ ತೋಡಿರಬೇಕು. ಎರಿ ಮಣ್ಣು ಒಣಗಿದರೆ ಕಲ್ಲು, ನೆನೆದರೆ ಸಲಿಕೆಗೆ ಅಂಟುವ ಮೇಣ. ರೋಹಿಣಿಯಲ್ಲಿ, ಅಂದರೆ ಮೇ ಕೊನೆಗೆ, ಒಂದು ಮಳೆ ಬಿದ್ದು ಎರಡು ಮೂರು ದಿನ ಆರಿದಾಗ ಹಿಡಿದರೆ ಕೆಲಸ ಅರ್ಧ. ಅಳತೆ ಎರಡು ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳ. ತೆಗೆದ ಮಣ್ಣನ್ನೇ ಪೂರ್ತಿ ತುಂಬಬೇಡಿ: ಅರ್ಧ ಆ ಮಣ್ಣು, ಕಾಲು ಭಾಗ ಮರಂ (ಗರಸು ಮಣ್ಣು), ಕಾಲು ಭಾಗ ಕಳಿತ ತಿಪ್ಪೆಗೊಬ್ಬರ. ತುಂಬಿದ ಮೇಲೆ ನೆಲಕ್ಕಿಂತ ನಾಲ್ಕು ಬೆರಳು ಎತ್ತರ ಇರಲಿ, ಇಲ್ಲದಿದ್ದರೆ ಆಗಸ್ಟಿನಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಸಸಿಯ ಚೀಲ ಹರಿದಾಗ ತಳದಲ್ಲಿ ಸುರುಳಿ ಸುತ್ತಿದ ಬೇರು ಕಂಡರೆ ಕತ್ತರಿಸಿಬಿಡಿ. ಬೇವು, ಹೊಂಗೆ, ಹುಣಸೆ, ಬನ್ನಿ ಇಲ್ಲಿಗೆ ಹೊಂದಿದವು.

ಈ ಮಣ್ಣು ಬ್ಯಾಸಗಿಯಲ್ಲಿ ಬಿರಿಯುತ್ತದೆ. ಬಿರುಕಿನಲ್ಲಿ ಗಾಳಿ ಹೊಕ್ಕು ಬೇರು ಒಣಗುತ್ತದೆ, ಹಾಕಿದ ನೀರೂ ಅದೇ ದಾರಿಯಲ್ಲಿ ಕೆಳಗಿಳಿದು ಹೋಗುತ್ತದೆ. ಅದಕ್ಕೆ ಬುಡದ ಸುತ್ತ ತಿಂಗಳಿಗೆರಡು ಸಲ ಕೆದರಿ ಬಿರುಕು ಮುಚ್ಚಿ, ಮೇಲೆ ಹೊದಿಕೆ ಹಾಕಿ. ತೊಗರಿ ಹೊಟ್ಟು ಬೇಡ, ಅದರ ವಾಸನೆಗೆ ದನ ಬಂದು ಸಸಿಯನ್ನೂ ಮೇಯುತ್ತವೆ. ರಾಶಿ ಮುಗಿದ ಮೇಲೆ ಹೊಲದಲ್ಲಿ ಸುಡುವ ತೊಗರಿ ಕಟ್ಟಿಗೆಯನ್ನು ತುಂಡು ಮಾಡಿ ಹಾಕಿದರೆ ಯಾವ ದನವೂ ಮೂಸುವುದಿಲ್ಲ. ಆಡಿಗೆ ಮಾತ್ರ ಜಾಲಿ ಮುಳ್ಳಿನ ಬೇಲಿಯೇ ಆಗಬೇಕು.

ಇನ್ನು ಮನೆ ತಂಪಾಗಿಡಲು ಮಾಳಿಗೆಗೆ, ಅಂದರೆ ಮನೆಯ ಮೇಲ್ಛಾವಣಿಗೆ, ಬಳಿಯುವ ಸುಣ್ಣ. ಬಯಲು ನಾಡಿನಲ್ಲಿ ಬಿಸಿಗಾಳಿ ಎಂದು ಹವಾಮಾನ ಇಲಾಖೆ ಸಾರಬೇಕಾದರೆ ಉಷ್ಣಾಂಶ ಕನಿಷ್ಠ 40 ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು. ಇಲ್ಲವೇ ನೇರ 45 ಮುಟ್ಟಬೇಕು. ಮೇ ತಿಂಗಳ ನಮ್ಮ ವಾಡಿಕೆಯೇ 40ರ ಆಸುಪಾಸು. ಹಾಗಾಗಿ 43ರ ಕಾವು ಕಾಗದದ ಮೇಲೆ ಬಿಸಿಗಾಳಿಯೇ ಅಲ್ಲ! ಆರ್‌ಸಿಸಿ ಮಾಳಿಗೆಯ ಕೆಳಗೆ ಮಲಗುವವರು ಘೋಷಣೆಗೆ ಕಾಯದೆ ಫೆಬ್ರವರಿ ಕೊನೆಗೇ ಸುಣ್ಣ ಬಳಿಯಲಿ.

ಒಂದು ಕಿಲೊ ಸುಣ್ಣದ ಕಲ್ಲಿಗೆ ಐದು ಲೀಟರ್ ನೀರು. ಕಬ್ಬಿಣದ ಡ್ರಮ್ಮಿನಲ್ಲಿ ನೀರು ಮೊದಲು, ಕಲ್ಲು ಆಮೇಲೆ, ಅದೂ ಸ್ವಲ್ಪ ಸ್ವಲ್ಪ; ಕೊತಕೊತ ಕುದಿಯುವುದರಿಂದ ಪ್ಲಾಸ್ಟಿಕ್ ಬಕೆಟ್ ಕರಗುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಕನ್ನಡಕ, ಕೈಗವಸು ಇಲ್ಲದೆ ಹುಡುಗರನ್ನು ಹತ್ತಿರ ಬಿಡಬೇಡಿ. ಒಂದು ದಿನ ಬಿಟ್ಟು ಬಟ್ಟೆಯಲ್ಲಿ ಸೋಸಿ, ಕರಗಿಸಿದ ಅಂಟು ಬೆರೆಸಿ. ಹೊತ್ತು ಇಳಿದ ಮೇಲೆ ಮಾಳಿಗೆ ಗುಡಿಸಿ, ತೊಳೆದು, ಹಸಿ ಇರುವಾಗಲೇ ತೆಳುವಾಗಿ ಬಳಿಯಿರಿ. ಸುಣ್ಣ ಗಟ್ಟಿಯಾಗಲು ಹಸಿ ಬೇಕು. ಮಧ್ಯಾಹ್ನ ಬಳಿದದ್ದು ತಟ್ಟನೆ ಒಣಗಿ, ಬೆರಳಿಗೆ ಹಿಟ್ಟಿನ ಹಾಗೆ ಹತ್ತುತ್ತದೆ. ಒಂದೇ ದಪ್ಪ ಪದರವೂ ಚಕ್ಕೆ ಏಳುತ್ತದೆ, ತೆಳುವಾಗಿ ಎರಡು ಮೂರು ಸಲ ಬಳಿಯುವುದೇ ಸರಿ. ಒಳಗಿನ ಉಷ್ಣಾಂಶ ಎರಡರಿಂದ ಐದು ಡಿಗ್ರಿ ಇಳಿಯಬಹುದು. ಧೂಳು ಕೂತರೆ ಆ ಲಾಭ ಹೋಗುತ್ತದೆ, ನಡುವೆ ಒಮ್ಮೆ ಗುಡಿಸಬೇಕು. ತಗಡಿಗೆ ಸುಣ್ಣ ನಿಲ್ಲುವುದಿಲ್ಲ. ಮಣ್ಣಿನ ಮಾಳಿಗೆಗೆ ಇದರ ಗೊಡವೆಯೇ ಬೇಡ.

ಕಚೇರಿ ಕೆಲಸದ ಬಗ್ಗೆ ಎರಡೇ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರ ವರೆಗೆ. ಊಟ ಮಾಡಿ ಹೋದರೆ ಬೀಗ ನೋಡಿ ಬರಬೇಕು. ಸರಕಾರ ರಸ್ತೆ ಬದಿ ನೆಟ್ಟ ಸಸಿಗಳು ಒಣಗಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. "ಸಸಿಗಳು ಯಾಕೆ ಸತ್ತವು" ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಯಾಕೆಂದರೆ ಅದು ದಾಖಲೆಯಲ್ಲ. ಆ ರಸ್ತೆಯ ಸಸಿಗಳಿಗೆ ನೀರುಣಿಸಿದ ಟ್ಯಾಂಕರ್ ಬಿಲ್ಲು, ಅಳತೆ ಪುಸ್ತಕದ (ಮಾಡಿದ ಕೆಲಸ ಬರೆದಿಡುವ ದಾಖಲೆ) ಪ್ರತಿ ಕೇಳಿ. ಬಿಲ್ಲು ಮಾರ್ಚಿಗೇ ನಿಂತಿದ್ದರೆ ಸಸಿ ಯಾಕೆ ಸತ್ತಿತೆಂದು ಬೇರೆ ಕೇಳಬೇಕಾಗಿಲ್ಲ.

ಸುಣ್ಣ ಬಳಿದ ಮಾಳಿಗೆಯ ಮೇಲೆ ಮಿರಗದ ಮೊದಲ ಮಳೆ ಬಿದ್ದಾಗ ನೀರು ಹಾಲಿನ ಬಣ್ಣಕ್ಕೆ ಇಳಿಯುತ್ತದೆ. ನೀರಿನ ಸಂಪ್‌ಗೆ ಹೋಗುವ ಪೈಪಿನ ಬಾಯಿಯನ್ನು ಆ ಮೊದಲೇ ಚರಂಡಿಯ ಕಡೆ ತಿರುಗಿಸಿಡಿ. ನೀರು ತಿಳಿಯಾದ ಮೇಲೆ ಮರಳಿ ಸಂಪ್‌ಗೆ ಬಿಟ್ಟರಾಯಿತು.