ಬೆಕ್ಕಿನ ಕರುಳುಬೇನೆ ಮತ್ತು ರಕ್ತದ ಪ್ರೋಟೀನುಗಳು

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಮನೆಯ ಮುದಿ ಬೆಕ್ಕು ಆಗಾಗ ವಾಂತಿ ಮಾಡಿಕೊಳ್ಳುತ್ತ, ಹೊಟ್ಟೆತುಂಬ ತಿಂದರೂ ಸವರಿದಾಗ ಬೆನ್ನುಮೂಳೆಯ ಗಂಟುಗಳು ಕೈಗೆ ತಗಲುವಷ್ಟು ಸೊರಗಿದ್ದರಿಂದ, ಅದರ ರಕ್ತಪರೀಕ್ಷೆಯ ವರದಿಯನ್ನು ಅರ್ಥಮಾಡಿಕೊಳ್ಳುವ ಪ್ರಸಂಗ ಬಂತು.

ಮನುಷ್ಯರಲ್ಲಿಯೂ ನಾಯಿಗಳಲ್ಲಿಯೂ ಉರಿಯೂತದ ಸೂಚಕವಾಗಿ ಬಳಸುವ ಸಿ-ರಿಯಾಕ್ಟಿವ್ ಪ್ರೋಟೀನ್ ಬೆಕ್ಕಿನಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಉರಿಯೂತವಾದಾಗ ಬೆಕ್ಕಿನ ರಕ್ತದಲ್ಲಿ ಮುಖ್ಯವಾಗಿ ಏರುವುದು ಸೀರಮ್ ಅಮೈಲಾಯ್ಡ್ ಎ ಮತ್ತು ಆಲ್ಫಾ-1 ಆಸಿಡ್ ಗ್ಲೈಕೋಪ್ರೋಟೀನ್. ಆದರೆ ಇವು ದೇಹದಲ್ಲಿ ಎಲ್ಲೋ ಉರಿಯೂತವಿದೆ ಎನ್ನುತ್ತವೆಯೇ ಹೊರತು ಅದು ಕರುಳಿನಲ್ಲೇ ಇದೆ ಎನ್ನುವುದಿಲ್ಲ. ಮೇದೋಜೀರಕ ಗ್ರಂಥಿ ಊದಿಕೊಂಡಾಗಲೂ ಏರಬಹುದು. ಕರುಳಿನ ಗೋಡೆಯಿಂದ ಪ್ರೋಟೀನ್ ಸೋರಿಹೋದರೆ ರಕ್ತದ ಮುಖ್ಯ ಪ್ರೋಟೀನಾದ ಆಲ್ಬುಮಿನ್ ಇಳಿಯುತ್ತದೆ, ಆದರೆ ಅಂಥ ಸೋರಿಕೆ ನಾಯಿಗಳಲ್ಲಿರುವಷ್ಟು ಬೆಕ್ಕುಗಳಲ್ಲಿ ಸಾಮಾನ್ಯವಲ್ಲವಾದ್ದರಿಂದ, ಆಲ್ಬುಮಿನ್ ಸರಿಯಿದೆ ಎಂದಮಾತ್ರಕ್ಕೆ ನೆಮ್ಮದಿಯಿಂದ ಇರುವಂತಿಲ್ಲ.

ನನ್ನ ಮಟ್ಟಿಗೆ ಹೆಚ್ಚು ಪ್ರಯೋಜನಕಾರಿಯೆನಿಸಿದ್ದು ಪ್ರೋಟೀನೇ ಅಲ್ಲದ ಬಿ-12 ಜೀವಸತ್ವದ ಪರೀಕ್ಷೆ. ಸಣ್ಣಕರುಳಿನ ಕೊನೆಯ ಭಾಗದಲ್ಲಿ ಹೀರಲ್ಪಡುವ ಈ ಸತ್ವ ಕಡಿಮೆಯಾಗಿದ್ದರೆ ಅನುಮಾನ ಆ ಕಡೆಗೆ ತಿರುಗುತ್ತದೆ. ಇಂಜೆಕ್ಷನ್ನಿನಿಂದ ಕೊರತೆಯನ್ನೂ ತುಂಬಬಹುದು.

ದೀರ್ಘಕಾಲದ ಉರಿಯೂತವೋ, ನಿಧಾನವಾಗಿ ಬೆಳೆಯುವ ಲಿಂಫೋಮಾ ಎಂಬ ಕ್ಯಾನ್ಸರೋ ಎಂಬುದನ್ನು ಮಾತ್ರ ಇವ್ಯಾವುವೂ ಖಚಿತವಾಗಿ ಬಿಡಿಸಿ ಹೇಳಲಾರವು. ಅದಕ್ಕೆ ಕರುಳಿನ ಚೂರು ತೆಗೆದು ಬಯಾಪ್ಸಿ ಮಾಡಬೇಕು. ವಯಸ್ಸಾದ ಬೆಕ್ಕಿಗೆ ಅರಿವಳಿಕೆ ಕೊಡಿಸುವುದೆಂದರೆ ಯಾರಿಗಾದರೂ ಜೀವ ಹೊಡೆದುಕೊಳ್ಳುತ್ತದೆ. ಹಾಗಾಗಿ ವೈದ್ಯರು ಮೊದಲು, ತಿಂದರೂ ಸೊರಗುವುದಕ್ಕೆ ಇನ್ನೊಂದು ಕಾರಣವಾಗಬಹುದಾದ ಥೈರಾಯ್ಡ್ ಪರೀಕ್ಷಿಸಿ, ಅದು ಸರಿಯಿದ್ದುದರಿಂದ, ಮೊಸರನ್ನ ನಿಲ್ಲಿಸಿ ಒಂದೇ ಬಗೆಯ ಮಾಂಸದ ಪಥ್ಯ ಹೇಳಿದ್ದಾರೆ.